ಲಕ್ವ ಹೊಡೆದದ್ದು ಎಲ್ಲಿಗೆ?

ಚಿತ್ರಾನ್ನದ ಡಬ್ಬಿ, ನೀರಿನ ಬಾಟಲಿ, ಮಡಚಿಟ್ಟ ಕಂಬಳಿ, ಪಕ್ಕದಲ್ಲೇ ದೊಡ್ಡದೊಂದು ಕವರು. ಬೆಂಗಳೂರಿನ ಹೊಸೂರು ರಸ್ತೆಯ ನಿಮ್ಹಾನ್ಸ್ ಆವರಣದಲ್ಲಿ ಮರದ ನೆರಳು ಹುಡುಕಿಕೊಂಡು ಕೂತ ಯಾವ ಕುಟುಂಬವನ್ನು ನೋಡಿದರೂ ಈ ನಾಲ್ಕು ಸಾಮಾನು ಕಾಣುತ್ತವೆ. ಕವರಿನೊಳಗಿರುವುದು ಸ್ಕ್ಯಾನಿಂಗ್ ಫಿಲ್ಮು. ಮಳೆ ಹನಿದರೆ ಜನ ಮೊದಲು ಅದನ್ನು ಸೆರಗಿನೊಳಗೆ ಸೇರಿಸಿಕೊಳ್ಳುತ್ತಾರೆ, ಆಮೇಲೆ ತಲೆ ಮುಚ್ಚಿಕೊಳ್ಳುತ್ತಾರೆ.

ನಾನು ಹೋದ ಬೆಳಿಗ್ಗೆ ಹೆಂಗಸೊಬ್ಬರು ಆ ಫಿಲ್ಮನ್ನು ಹೊರತೆಗೆದು ಬಿಸಿಲಿಗೆ ಹಿಡಿದು ನೋಡುತ್ತಿದ್ದರು. ಸಾಲುಸಾಲಾಗಿ ಪುಟ್ಟ ಬೂದು ಚಿತ್ರಗಳು. ನಾಲ್ಕೈದರಲ್ಲಿ ಸುಣ್ಣದ ಬೊಟ್ಟು ಇಟ್ಟ ಹಾಗೆ ಬಿಳಿ. "ಇಲ್ಲಿ ರಕ್ತ ಹೆಪ್ಪುಗಟ್ಟಿದೆಯಂತೆ ಅಣ್ಣಾ" ಎಂದು ಬೆರಳಿಟ್ಟು ತೋರಿಸಿದರು. ಯಜಮಾನರು ಒಳಗೆ ವಾರ್ಡಿನಲ್ಲಿದ್ದಾರೆ. ಎಡಗೈ ಎಡಗಾಲಿಗೆ ಲಕ್ವ ಹೊಡೆದಿದೆ.

ಹೆಪ್ಪುಗಟ್ಟಿದೆ ಎಂಬ ಈ ಮಾತು ನಮ್ಮ ಮನೆಯೊಳಗೂ ಹನ್ನೊಂದು ವರ್ಷದ ಹಿಂದೆ ಬಂದಿತ್ತು. ಶಿರಾ ಕಡೆಯ ನಮ್ಮ ಹಳ್ಳಿಯಲ್ಲಿ ಒಂದು ಬೆಳಿಗ್ಗೆ ದೊಡ್ಡಪ್ಪನ ಬಲಗೈಯಿಂದ ಕಾಫಿ ಲೋಟ ಜಾರಿತು. ಬಗ್ಗಿ ಎತ್ತಿಕೊಳ್ಳಲು ಹೋದವರು ಹಾಗೇ ಬಲಕ್ಕೆ ವಾಲಿ ಗೋಡೆಗೆ ಒರಗಿದರು. ಬಾಯಿ ಸೊಟ್ಟಗಾಯಿತು. ಏನೋ ಹೇಳಲು ಹೊರಟರು. ಬಂದದ್ದು "ಅದು, ಅದು" ಅಷ್ಟೇ. ಹರಳೆಣ್ಣೆ ಬಿಸಿ ಮಾಡಿ ಕೈಕಾಲು ತಿಕ್ಕಿದೆವು. ಗಾಳಿ ಸೋಕಿರಬೇಕು ಎಂದರು ಒಬ್ಬರು. ಪಾರಿವಾಳದ ರಕ್ತ ಹಚ್ಚಿದರೆ ಮೈಗೆ ಕಾವು ಬರುತ್ತದೆ ಎಂದು ಇನ್ನೊಬ್ಬರು ಪಾರಿವಾಳ ತರಲು ಹೊರಟರು. ಸಂಜೆಗೆ ಹತ್ತಿರದ ಊರಿನ ಒಂದು ನರ್ಸಿಂಗ್ ಹೋಮಿಗೆ ಸೇರಿಸಿದೆವು. ಅಲ್ಲಿ ಗ್ಲೂಕೋಸ್ ಏರಿಸಿ, ಎರಡು ಇಂಜೆಕ್ಷನ್ ಕೊಟ್ಟು, ಮಾರನೇ ದಿನ ಕಳೆಯುವವರೆಗೂ ಮಲಗಿಸಿಕೊಂಡರು. ಸ್ಕ್ಯಾನಿಂಗ್ ಆದದ್ದು ಮೂರನೇ ದಿನ, ಬೆಂಗಳೂರಿನಲ್ಲಿ. "ತಲೇಲಿ ರಕ್ತ ಹೆಪ್ಪುಗಟ್ಟಿದೆ" ಎಂಬ ಒಂದು ಸಾಲು ಹೊತ್ತುಕೊಂಡು ಊರಿಗೆ ಮರಳಿದೆವು.

ಆಮೇಲೆ ಎಷ್ಟೋ ವರ್ಷ ನನ್ನ ಕಣ್ಣ ಮುಂದೆ ಒಂದೇ ಚಿತ್ರವಿತ್ತು: ದೊಡ್ಡಪ್ಪನ ತಲೆಯೊಳಗೆ ಮೊಸರಿನ ಹಾಗೆ ಗಟ್ಟಿಯಾಗಿ ಕೂತ ಕೆಂಪು ಗಡ್ಡೆ. ಅವರು ತೀರಿಕೊಂಡ ಮೇಲೆ ಟ್ರಂಕಿನಲ್ಲಿ ಸಿಕ್ಕ ರಿಪೋರ್ಟನ್ನು ವೈದ್ಯ ಗೆಳೆಯನೊಬ್ಬನಿಗೆ ತೋರಿಸಿದೆ. ಅವನು ಓದಿ ಹೇಳಿದ: "ಇವರ ಮಿದುಳಲ್ಲಿ ರಕ್ತಸ್ರಾವ ಆಗಿಯೇ ಇಲ್ಲ. ರಕ್ತ ಬರಲಿಲ್ಲ ಅಂತ ಆ ಜಾಗ ಸತ್ತುಹೋಗಿದೆ." ಗಡ್ಡೆ ಇದ್ದದ್ದು ರಕ್ತನಾಳದ ಒಳಗೆ, ಒಂದು ಅಕ್ಕಿಕಾಳಿನಷ್ಟೋ ಎರಡು ಕಾಳಿನಷ್ಟೋ. ಅದರಾಚೆಗೆ ಬರ.

ನಾಳ ಕಟ್ಟಿಕೊಂಡದ್ದಕ್ಕೂ ನಾಳ ಒಡೆದು ರಕ್ತ ಸೋರಿದ್ದಕ್ಕೂ ನಮ್ಮ ಮಾತಿನಲ್ಲಿ ಹೆಪ್ಪುಗಟ್ಟುವುದು ಎಂಬ ಒಂದೇ ಪದ. ಕೈಕಾಲು ಬಿದ್ದುಹೋದದ್ದಕ್ಕೂ ಲಕ್ವ ಎಂಬ ಒಂದೇ ಪದ. ಈ ಎರಡು ಪದಗಳ ಹಿಂದೆ ನಿಜವಾಗಿ ಏನೇನು ನಡೆಯುತ್ತದೆ ಎಂಬುದನ್ನು ಕಣ್ಣಾರೆ ನೋಡಬೇಕು ಅನ್ನಿಸಿತು. ಅದಕ್ಕೆ ಹೊಸೂರು ರಸ್ತೆಯ ಈ ಆವರಣಕ್ಕಿಂತ ಬೇರೆ ಜಾಗ ನನಗೆ ಗೊತ್ತಿರಲಿಲ್ಲ. ಇಲ್ಲಿ ಮಿದುಳುಗಳದೇ ಒಂದು ಮ್ಯೂಸಿಯಂ ಇದೆ.

ನಿಮ್ಹಾನ್ಸ್ ಈ ಹೆಸರಿನಲ್ಲಿ ಶುರುವಾದದ್ದು 1974ರಲ್ಲಿ, ಹಳೆಯ ಮಾನಸಿಕ ಆಸ್ಪತ್ರೆಯನ್ನೂ 1954ರ ಅಖಿಲ ಭಾರತ ಮಾನಸಿಕ ಆರೋಗ್ಯ ಸಂಸ್ಥೆಯನ್ನೂ ಒಂದುಗೂಡಿಸಿ. ಊರ ಕಡೆ ಈಗಲೂ ಇದನ್ನು ಹುಚ್ಚಾಸ್ಪತ್ರೆ ಎಂದೇ ಕರೆಯುವವರಿದ್ದಾರೆ, ಆ ಹೆಸರಿಗೆ ಹೆದರಿ ಲಕ್ವದ ರೋಗಿಯನ್ನು ಇಲ್ಲಿಗೆ ತರಲು ಹಿಂಜರಿದವರನ್ನೂ ನಾನು ಕಂಡಿದ್ದೇನೆ. ಮ್ಯೂಸಿಯಂ ಇರುವುದು ನರರೋಗಶಾಸ್ತ್ರ ವಿಭಾಗದಲ್ಲಿ. ಡಾ. ಎಸ್.ಕೆ. ಶಂಕರ್ ಮತ್ತು ಅವರ ಸಹೋದ್ಯೋಗಿಗಳು ದಶಕಗಳ ಕಾಲ ಒಂದೊಂದಾಗಿ ಕೂಡಿಸಿ, ಜೋಪಾನ ಮಾಡಿದ ಸಂಗ್ರಹ ಇದು. ಮರಣೋತ್ತರ ಪರೀಕ್ಷೆಯ ಹೊತ್ತಿನಲ್ಲಿ, ಅಳು ಇನ್ನೂ ನಿಲ್ಲದ ಗಳಿಗೆಯಲ್ಲಿ, ಮನೆಯವರು ಒಪ್ಪಿಕೊಟ್ಟದ್ದರಿಂದ ಉಳಿದವು ಇವು. ಗಾಜಿನ ಹಾಗೆ ತಿಳಿಯಾದ ಪೆಟ್ಟಿಗೆಗಳಲ್ಲಿ, ದ್ರಾವಣದಲ್ಲಿ ಮುಳುಗಿ, ಹಿಂದಿನಿಂದ ಬೀಳುವ ಬೆಳಕಿನಲ್ಲಿ ನಿಂತಿವೆ. ಒಳಗೆ ಕಾಲಿಟ್ಟಾಗ ನಾನು ಚಪ್ಪಲಿ ಬಿಡಬೇಕೇನೋ ಎಂದು ಒಂದು ಕ್ಷಣ ತಡೆದು ನಿಂತೆ.

ನನ್ನ ಜೊತೆಗೆ ನರ್ಸಿಂಗ್ ಓದುವ ಹತ್ತು ಹನ್ನೆರಡು ಹುಡುಗಿಯರಿದ್ದರು. ವಿವರಿಸುತ್ತಿದ್ದ ಸಿಬ್ಬಂದಿ ಮೊದಲು ನಿಲ್ಲಿಸಿದ್ದು ರೋಗವಿಲ್ಲದ, ಇಡಿಯಾದ ಒಂದು ಮಿದುಳಿನ ಮುಂದೆ. ಬುಡದಲ್ಲಿ ರಕ್ತನಾಳಗಳು ಸ್ಪಷ್ಟವಾಗಿ ಕಾಣುತ್ತವೆ. ಕತ್ತಿನ ಮುಂಭಾಗದಿಂದ ಎರಡು, ಹಿಂಭಾಗದ ಮೂಳೆಗಳ ನಡುವಿನಿಂದ ಎರಡು, ಹೀಗೆ ನಾಲ್ಕು ನಾಳಗಳು ಮೇಲೇರಿ ಬಂದು ಮಿದುಳಿನ ತಳದಲ್ಲಿ ಒಂದು ಬಳೆಯ ಹಾಗೆ ಕೂಡಿಕೊಳ್ಳುತ್ತವೆ. ಇಂಗ್ಲೆಂಡಿನ ವೈದ್ಯ ಥಾಮಸ್ ವಿಲ್ಲಿಸ್ 1664ರಲ್ಲಿ ಇದನ್ನು ವಿವರವಾಗಿ ಬರೆದ; ಅವನ ಪುಸ್ತಕಕ್ಕೆ ಚಿತ್ರ ಬರೆದುಕೊಟ್ಟವನು ಮುಂದೆ ಲಂಡನ್ನಿನ ಸೇಂಟ್ ಪಾಲ್ಸ್ ಚರ್ಚನ್ನು ಕಟ್ಟಿದ ಕ್ರಿಸ್ಟೋಫರ್ ರೆನ್. ಬಳೆಗೆ ಇವತ್ತಿಗೂ ವಿಲ್ಲಿಸನದೇ ಹೆಸರು.

ಈ ಬಳೆಯಿಂದ ಕವಲೊಡೆದ ನಾಳಗಳು ಮಿದುಳಿಗೆಲ್ಲ ನೀರು ಹಾಯಿಸುವ ಕಾಲುವೆಗಳು. ಮೈತೂಕದಲ್ಲಿ ಮಿದುಳಿನ ಪಾಲು ನೂರಕ್ಕೆ ಎರಡು. ಅದು ಬಳಸುವ ಆಮ್ಲಜನಕ ನೂರಕ್ಕೆ ಇಪ್ಪತ್ತು. ನಿಮಿಷಕ್ಕೆ ಸುಮಾರು 750 ಮಿಲಿಲೀಟರ್ ರಕ್ತ ಬರಬೇಕು. ಕೂಡಿಟ್ಟುಕೊಳ್ಳುವ ಕಣಜ ಅದಕ್ಕಿಲ್ಲ. ಕೈಯನ್ನು ಬಿಗಿಯಾಗಿ ಕಟ್ಟಿ ಅರ್ಧ ಗಂಟೆ ಬಿಟ್ಟರೆ ಜೋಮು ಹಿಡಿದು ಆಮೇಲೆ ಸರಿಹೋಗುತ್ತದೆ. ಮಿದುಳು ಅಷ್ಟು ಹೊತ್ತು ಕಾಯುವುದಿಲ್ಲ.

ಮುಂದಿನ ಪೆಟ್ಟಿಗೆಯ ಬಳಿ ನಾನು ಹೆಚ್ಚು ಹೊತ್ತು ನಿಂತೆ. ಅಡ್ಡಲಾಗಿ ಕೊಯ್ದ ಹೋಳು. ಒಂದು ಬದಿ ದುಂಡಗೆ, ಮಡಿಕೆ ಮಡಿಕೆಯಾಗಿ ತುಂಬಿಕೊಂಡಿದೆ. ಇನ್ನೊಂದು ಬದಿಯಲ್ಲಿ ಮುಷ್ಟಿಯಷ್ಟು ಜಾಗ ಕುಸಿದು, ಹಳದಿಗಟ್ಟಿ, ಜೇಡರ ಬಲೆಯಂಥ ಎಳೆಗಳು ಮಾತ್ರ ಉಳಿದಿವೆ. ಕಟ್ಟಿಕೊಂಡ ನಾಳದಿಂದ ಆದ ಹಳೆಯ ಸ್ಟ್ರೋಕ್ ಹೀಗಿರುತ್ತದೆ. ಕೆಂಪು ಎಂಬುದು ಹುಡುಕಿದರೂ ಇಲ್ಲ. ಎಷ್ಟೋ ವರ್ಷ ನಾನು ಊಹಿಸಿಕೊಂಡಿದ್ದ ಗಡ್ಡೆಯ ಜಾಗದಲ್ಲಿ ಇದ್ದದ್ದು ಈ ಟೊಳ್ಳು.

ದೊಡ್ಡಪ್ಪನ ಪೆಟ್ಟು ಎಡಬದಿಯದು. ಮಿದುಳಿನ ಎಡ ಅರ್ಧ ಮೈಯ ಬಲಭಾಗವನ್ನು ಆಳುತ್ತದೆ, ಹೆಚ್ಚಿನವರಲ್ಲಿ ಮಾತನ್ನೂ ಆಳುತ್ತದೆ. ಪ್ಯಾರಿಸ್ಸಿನ ಪಾಲ್ ಬ್ರೋಕಾ ಎಂಬ ಶಸ್ತ್ರವೈದ್ಯ 1861ರಲ್ಲಿ ಒಬ್ಬ ರೋಗಿಯ ಮಿದುಳನ್ನು ಪರೀಕ್ಷಿಸಿ ಮಾತನ್ನು ಆಳುವ ಜಾಗವನ್ನು ಗುರುತಿಸಿದ. ಆ ರೋಗಿಗೆ ಎಷ್ಟೋ ವರ್ಷಗಳಿಂದ ಉಳಿದಿದ್ದದ್ದು "ಟಾನ್" ಎಂಬ ಒಂದೇ ಉಲಿ. ಆಸ್ಪತ್ರೆಯಲ್ಲಿ ಅವನ ಹೆಸರೇ ಟಾನ್ ಆಗಿಬಿಟ್ಟಿತ್ತು. ನಮ್ಮ ದೊಡ್ಡಪ್ಪನಿಗೆ ಉಳಿದದ್ದು "ಅದು". ನೀರು ಬೇಕಾದರೂ ಅದು, ಹೊದಿಕೆ ಬೇಕಾದರೂ ಅದು, ಮೊಮ್ಮಗಳನ್ನು ಕರೆಯುವುದಕ್ಕೂ ಅದು. ಆದರೆ ಒಂದು ಸಂಜೆ ಮೊಮ್ಮಗಳು ಜಗುಲಿಯಲ್ಲಿ ಕೂತು ಮಗ್ಗಿ ಹೇಳುತ್ತಿದ್ದಾಗ ಹದಿನಾರರ ಮಗ್ಗಿಯಲ್ಲಿ ತಡವರಿಸಿದಳು. ಒಳಗಿನಿಂದ ದೊಡ್ಡಪ್ಪನ ದನಿ ಬಂತು, ಹದಿನಾರೇಳಲ ನೂರಹನ್ನೆರಡು, ಹದಿನಾರೆಂಟ್ಲ ನೂರಿಪ್ಪತ್ತೆಂಟು, ಕೊನೆಯವರೆಗೂ, ಒಂದೂ ತಪ್ಪದೆ. ಮನೆಯವರೆಲ್ಲ ಓಡಿಹೋಗಿ ಸುತ್ತ ನಿಂತೆವು. ದೊಡ್ಡಮ್ಮ ದೇವರಿಗೆ ದೀಪ ಹಚ್ಚಿದರು. "ಊಟ ಆಯ್ತಾ ಹೇಳಿ" ಎಂದರೆ ಮತ್ತೆ "ಅದು". ಬಾಯಿಪಾಠವಾದ ಮಗ್ಗಿ, ವಾರಗಳ ಹೆಸರು, ಭಜನೆಯ ಹಾಡು, ಬೈಗುಳ ಇವೆಲ್ಲ ಹೊಸದಾಗಿ ಕಟ್ಟಿ ಆಡುವ ಮಾತಿನ ದಾರಿಯಲ್ಲಿ ಬರುವುದಿಲ್ಲವಂತೆ. ಅದಕ್ಕೇ ಮಾತು ಹೋದವರಲ್ಲೂ ಅವು ಉಳಿದುಕೊಳ್ಳುತ್ತವೆ. ಆಗ ನಮಗೆ ಅದು ಗೊತ್ತಿರಲಿಲ್ಲ. ಮನಸ್ಸು ಮಾಡಿದರೆ ಮಾತಾಡಬಲ್ಲರು, ಹಟ ಮಾಡುತ್ತಿದ್ದಾರೆ ಎಂದು ಅಂದುಕೊಂಡವರೂ ಮನೆಯಲ್ಲಿದ್ದರು. ಅವರಲ್ಲಿ ನಾನೂ ಒಬ್ಬ.

ಬಲಬದಿಯ ಮಿದುಳಿಗೆ ಪೆಟ್ಟಾದರೆ ಮಾತು ಉಳಿಯುತ್ತದೆ, ಕೆಲವರಲ್ಲಿ ಎಡಬದಿಯ ಲೋಕವೇ ಅಳಿಸಿಹೋಗುತ್ತದೆ. ಎಲೆಯ ಮೇಲೆ ಬಡಿಸಿದರೆ ಬಲಗಡೆಯದನ್ನು ಮಾತ್ರ ಉಂಡು, ಎಡತುದಿಯ ಉಪ್ಪಿನಕಾಯಿ ಕೋಸಂಬರಿ ಮುಟ್ಟದೆ ಎದ್ದುಬಿಡುತ್ತಾರೆ. ಕಣ್ಣು ಚೆನ್ನಾಗೇ ಇರುತ್ತದೆ, ಆ ಕಡೆಗೆ ಗಮನವೇ ಹೋಗುವುದಿಲ್ಲ.

"ಈ ಟೊಳ್ಳು ಒಮ್ಮೆಗೇ ಆಗುತ್ತಾ?" ಎಂದು ಹುಡುಗಿಯೊಬ್ಬಳು ಕೇಳಿದಳು. ಆಗುವುದಿಲ್ಲ, ಎಲ್ಲ ಆಸೆ ಇರುವುದೂ ಅದರಲ್ಲೇ. ಕಾಲುವೆ ಕಟ್ಟಿಕೊಂಡಾಗ ತೂಬಿನ ಎದುರಿನ ಗದ್ದೆ ಮೊದಲು ಒಣಗುತ್ತದೆ. ಸುತ್ತಲಿನ ಗದ್ದೆಗಳು ಪಕ್ಕದ ಕಾಲುವೆಗಳಿಂದ ಜಿನುಗಿ ಬಂದ ತೇವದಲ್ಲಿ ಬಾಡಿಕೊಂಡು ಇನ್ನೂ ಕೆಲ ಹೊತ್ತು ನಿಂತಿರುತ್ತವೆ. ಕೆಲಸ ನಿಲ್ಲಿಸಿವೆ, ಸತ್ತಿಲ್ಲ. ವೈದ್ಯರು ಕೈಹಾಕುವುದು ಈ ಬಾಡಿದ ಭಾಗವನ್ನು ಉಳಿಸಲು. ದೊಡ್ಡ ನಾಳ ಕಟ್ಟಿಕೊಂಡರೆ ನಿಮಿಷಕ್ಕೆ ಸರಾಸರಿ 19 ಲಕ್ಷ ನರಕೋಶಗಳು ಸಾಯುತ್ತವೆ ಎಂದು ಅಮೆರಿಕದ ನರವೈದ್ಯ ಜೆಫ್ರಿ ಸೇವರ್ 2006ರಲ್ಲಿ ಲೆಕ್ಕ ಹಾಕಿ ತೋರಿಸಿದರು. ಪೆಟ್ಟಿಗೆಯ ಮುಂದೆ ನಿಂತು ನಾನು ದೊಡ್ಡಪ್ಪನ ಲೆಕ್ಕ ಹಾಕಲು ಹೋಗಿ ಅರ್ಧಕ್ಕೇ ಬಿಟ್ಟೆ. ಎರಡು ದಿನ ಎಂದರೆ 2,880 ನಿಮಿಷ.

ಹೆಪ್ಪನ್ನು ಕರಗಿಸುವ ಔಷಧ ಕೆಲಸ ಮಾಡುತ್ತದೆ ಎಂದು ದೊಡ್ಡ ಪ್ರಯೋಗವೊಂದರಿಂದ ಸಾಬೀತಾದದ್ದು 1995ರಲ್ಲಿ. ಮೊದಲು 3 ಗಂಟೆಯೊಳಗೆ ಎಂದಿದ್ದ ಗಡುವು 2008ರ ಇನ್ನೊಂದು ಪ್ರಯೋಗದ ನಂತರ ನಾಲ್ಕೂವರೆ ಗಂಟೆಗೆ ಹಿಗ್ಗಿತು. 2015ರಲ್ಲಿ ಇನ್ನೊಂದು ಬಾಗಿಲು ತೆರೆಯಿತು: ತೊಡೆಯ ರಕ್ತನಾಳದಿಂದ ಸಣ್ಣ ಕೊಳವೆಯನ್ನು ಮಿದುಳಿನವರೆಗೂ ಹಾಯಿಸಿ ಗಡ್ಡೆಯನ್ನು ಹಿಡಿದು ಎಳೆದು ತೆಗೆಯುವ ಚಿಕಿತ್ಸೆ ದೊಡ್ಡ ನಾಳಗಳ ಸ್ಟ್ರೋಕಿಗೆ ಫಲ ಕೊಡುತ್ತದೆಂದು ಒಂದರ ಹಿಂದೆ ಒಂದರಂತೆ ಅಧ್ಯಯನಗಳು ತೋರಿಸಿಕೊಟ್ಟವು. ಆಯ್ದ ಕೆಲವು ರೋಗಿಗಳಿಗೆ ಇದನ್ನು 24 ಗಂಟೆಯವರೆಗೂ ಮಾಡುತ್ತಾರೆ. ದೊಡ್ಡಪ್ಪ ಬಿದ್ದ ಹೊತ್ತಿಗೆ ಕರಗಿಸುವ ಔಷಧ ಬೆಂಗಳೂರಿನಲ್ಲಿತ್ತು. ಶಿರಾದಿಂದ ಬೆಂಗಳೂರಿಗೆ ಹೆದ್ದಾರಿಯಲ್ಲಿ ಎರಡೂವರೆ ಗಂಟೆ. 108 ಆಂಬುಲೆನ್ಸ್ ಕರ್ನಾಟಕದಲ್ಲಿ 2008ರಿಂದ ಓಡುತ್ತಿದೆ. ಎಲ್ಲವೂ ಇತ್ತು. ನಾವು ಕೈಕಾಲು ತಿಕ್ಕುತ್ತಾ ಕೂತಿದ್ದೆವು.

ನಾಲ್ಕು ಹೆಜ್ಜೆ ಆಚೆ ಇರುವ ಪೆಟ್ಟಿಗೆ, ಹೊರಗೆ ಕೂತ ಆ ಹೆಂಗಸು ತೋರಿಸಿದ ಬಿಳಿ ಬೊಟ್ಟಿಗೆ ಉತ್ತರ.

ಅದೇ ರೀತಿಯ ಅಡ್ಡ ಹೋಳು, ಆದರೆ ಇದರಲ್ಲಿ ಏನೂ ಕುಸಿದಿಲ್ಲ, ಉಬ್ಬಿದೆ. ಮಿದುಳಿನ ಆಳದಲ್ಲಿ, ನಡುಗೆರೆಯಿಂದ ಸ್ವಲ್ಪ ಪಕ್ಕಕ್ಕೆ, ನೇರಳೆಹಣ್ಣಿನಷ್ಟು ಕಪ್ಪಾದ ಗಡ್ಡೆ, ನಿಂಬೆಗಿಂತ ಸ್ವಲ್ಪ ದೊಡ್ಡದು. ಅಂಚು ಹರಿದ ಬಟ್ಟೆಯ ಹಾಗೆ ಚೂರುಚೂರಾಗಿದೆ. ಗಡ್ಡೆ ಸುತ್ತಲಿನದನ್ನೆಲ್ಲ ದೂಡಿದೆ. ನೇರವಾಗಿರಬೇಕಾದ ನಡುಗೆರೆ ಬಿಲ್ಲಿನ ಹಾಗೆ ಬಾಗಿ ಆಚೆ ಬದಿಗೆ ಒತ್ತಿಕೊಂಡಿದೆ. ಮಿದುಳಿನೊಳಗಿನ ನೀರಿನ ಕೋಣೆಗೂ ರಕ್ತ ನುಗ್ಗಿದೆ. ತಲೆಬುರುಡೆ ಮುಚ್ಚಿದ ಪಾತ್ರೆ. ಒಳಗೆ ಏನು ಹೆಚ್ಚಾದರೂ ಇನ್ನೇನೋ ಜಾಗ ಬಿಟ್ಟುಕೊಡಬೇಕು. 30 ಮಿಲಿಲೀಟರ್, ಅಂದರೆ ಎರಡು ದೊಡ್ಡ ಚಮಚ ರಕ್ತ ಸೋರಿದರೆ ಅದು ಗಂಭೀರ. ಅದರ ಎರಡರಷ್ಟಾದರೆ ಉಳಿಯುವವರು ಕಡಿಮೆ. ನಾನು ಗಾಜಿಗೆ ಮುಖವಿಟ್ಟು ನೋಡಿದೆ. ಗಡ್ಡೆಯ ಪಕ್ಕದಲ್ಲಿ ಕೂದಲೆಳೆಯಷ್ಟು ತೆಳುವಾದ ನಾಳಗಳ ಕೊನೆಗಳು ಚುಕ್ಕಿಗಳ ಹಾಗೆ ಕಂಡವು. ಒಡೆಯುವುದು ಇಂಥವು.

ಇವೇ ಏಕೆ ಒಡೆಯುತ್ತವೆ? ನಮ್ಮ ಹೊಲದಲ್ಲಿ ಡ್ರಿಪ್ ಹಾಕಿಸಿದ ವರ್ಷ ಕೊಳವೆಬಾವಿಯ ಮೇನ್ ಪೈಪಿಗೇ ಒಂದು ಸಣ್ಣ ಲ್ಯಾಟರಲ್ ಪೈಪನ್ನು ನೇರ ಸಿಕ್ಕಿಸಿದ್ದೆವು. ಮೋಟಾರು ಹಾಕಿದ ಮೂರನೇ ದಿನ ಅದು ಸೀಳಿತು. ಮಿದುಳಿನ ಆಳದ ಈ ಎಳೆನಾಳಗಳೂ ಹಾಗೆಯೇ, ದೊಡ್ಡ ನಾಳದಿಂದ ಹಂತಹಂತವಾಗಿ ಕಿರಿದಾಗದೆ ನೇರ ಲಂಬವಾಗಿ ಹೊರಡುತ್ತವೆ. ಬಿಪಿ ಏರಿದಾಗ ಅದರ ಹೊಡೆತವನ್ನೆಲ್ಲ ಇವೇ ತಿನ್ನುತ್ತವೆ. ಒಂದು ದಿನದ ಹೊಡೆತವಲ್ಲ, ಹತ್ತು ಹದಿನೈದು ವರ್ಷದ್ದು. ಗೋಡೆ ಸವೆದು, ಗಡುಸಾಗಿ, ಕೆಲವು ಕಡೆ ಕಾಳಿನ ಹಾಗೆ ಉಬ್ಬಿ ಕೊನೆಗೊಂದು ದಿನ ಸೀಳುತ್ತದೆ. ಎಪ್ಪತ್ತು ದಾಟಿದವರಲ್ಲಿ ಬಿಪಿ ಇಲ್ಲದೆಯೂ ಮಿದುಳಿನ ಹೊರಪದರದ ನಾಳಗಳಲ್ಲಿ ಒಂದು ಬಗೆಯ ಪ್ರೋಟೀನ್ ಕೂತು ಒಡೆಯುವುದುಂಟು. ಇನ್ನು ಕೆಲವರಲ್ಲಿ ಹುಟ್ಟಿನಿಂದಲೇ ನಾಳಗಳ ಗೋಜಲು. ತಳದ ಬಳೆಯಲ್ಲಿ ದ್ರಾಕ್ಷಿಯ ಹಾಗೆ ಉಬ್ಬಿದ ಗುಳ್ಳೆ ಒಡೆದರೆ, ಜೀವಮಾನದಲ್ಲೇ ಕಂಡಿರದಂಥ ತಲೆನೋವು ಸಿಡಿಲಿನ ಹಾಗೆ ಕ್ಷಣದಲ್ಲಿ ಎರಗುತ್ತದೆ. ಅಂಥ ತಲೆನೋವಿಗೆ ಬಾಮ್ ಹಚ್ಚಿ ಮಲಗಿಸಬಾರದು.

ಬಿಪಿ ಎಂಬುದು ಕೊಲ್ಲುತ್ತದೆ ಎಂದು ಜಗತ್ತಿಗೆ ಮನದಟ್ಟು ಮಾಡಿಸಿದವರಲ್ಲಿ ಅಮೆರಿಕದ ಅಧ್ಯಕ್ಷ ಫ್ರಾಂಕ್ಲಿನ್ ರೂಸ್ವೆಲ್ಟ್ ಒಬ್ಬರು. ವರ್ಷಗಟ್ಟಲೆ ಏರುತ್ತಲೇ ಹೋದ ಒತ್ತಡಕ್ಕೆ ಆ ಕಾಲದಲ್ಲಿ ನೆಚ್ಚಬಹುದಾದ ಮಾತ್ರೆ ಇರಲಿಲ್ಲ. 1945ರ ಏಪ್ರಿಲ್ 12ರಂದು ಜಾರ್ಜಿಯಾದ ವಾರ್ಮ್ ಸ್ಪ್ರಿಂಗ್ಸ್‌ನಲ್ಲಿ ಕಲಾವಿದೆಯೊಬ್ಬರು ಅವರ ಚಿತ್ರ ಬರೆಯುತ್ತಿದ್ದಾಗ ತಲೆಯ ಹಿಂಭಾಗದಲ್ಲಿ ವಿಪರೀತ ನೋವೆಂದು ಹೇಳಿ ಕುಸಿದರು. ವೈದ್ಯರು ಅಳೆದಾಗ ಬಿಪಿ 300ರ ಮೇಲೆ 190. ಮಿದುಳಿನ ರಕ್ತಸ್ರಾವ, ಕೆಲವೇ ಗಂಟೆಗಳಲ್ಲಿ ಪ್ರಾಣ ಹೋಯಿತು. ಜಗತ್ತಿನ ಅತ್ಯಂತ ಬಲಶಾಲಿ ದೇಶದ ಅಧ್ಯಕ್ಷರಿಗೆ ಸಿಗದಿದ್ದ ಮಾತ್ರೆ ಇವತ್ತು ನಮ್ಮ ಹೋಬಳಿಯ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಪುಕ್ಕಟೆ ಸಿಗುತ್ತದೆ. ದೊಡ್ಡಪ್ಪನೂ ತೆಗೆದುಕೊಳ್ಳುತ್ತಿದ್ದರು. ಒಂದು ಸಲ ಅಳೆಸಿದಾಗ 130 ಬಂತು. "ನಾರ್ಮಲ್ ಆಯ್ತಲ್ಲ" ಎಂದು ಅವತ್ತೇ ನಿಲ್ಲಿಸಿದರು. ನಾರ್ಮಲ್ ಆದದ್ದು ಮಾತ್ರೆಯಿಂದ ಎಂದು ಯಾರೂ ಅವರಿಗೆ ಕೂತು ಹೇಳಲಿಲ್ಲ. ಏರಿದ ಬಿಪಿ ನಾಳವನ್ನು ಒಡೆಯಲೂ ಬಲ್ಲದು, ಒಳಗೋಡೆಯನ್ನು ದಪ್ಪಗಾಗಿಸಿ ಕಟ್ಟಿಸಲೂ ಬಲ್ಲದು.

ಎರಡೂ ಪೆಟ್ಟಿಗೆಗಳ ನಡುವೆ ನಿಂತು ನೋಡಿದರೆ ಒಂದಕ್ಕೊಂದು ಸಂಬಂಧವೇ ಇಲ್ಲ. ಒಂದರಲ್ಲಿ ಬರ, ಇನ್ನೊಂದರಲ್ಲಿ ನೆರೆ. ಆದರೆ ಹೊರಗಿನಿಂದ? ಅದೇ ಸೊಟ್ಟ ಬಾಯಿ, ಅದೇ ಬಿದ್ದ ಕೈ, ಅದೇ ತೊದಲು. ರಕ್ತಸ್ರಾವದಲ್ಲಿ ತಲೆನೋವು, ವಾಂತಿ, ಮಂಪರು ಹೆಚ್ಚು ಎನ್ನುತ್ತಾರೆ. ಹಾಗೆಂದು ಅದನ್ನು ನಂಬಿ ಯಾವ ನರವೈದ್ಯರೂ ಔಷಧ ಕೊಡುವುದಿಲ್ಲ. ಸ್ವಿಟ್ಜರ್ಲೆಂಡಿನ ಯೊಹಾನ್ ಯಾಕೋಬ್ ವೆಪ್ಫರ್ ಎಂಬ ವೈದ್ಯ ಹೀಗೆ ಬಿದ್ದು ಸತ್ತವರ ತಲೆ ತೆರೆದು ನೋಡಿ, ಇದು ಮಿದುಳಿನ ರಕ್ತಸ್ರಾವದಿಂದ ಆಗುತ್ತದೆಂದು 1658ರಲ್ಲೇ ಬರೆದ. ಆದರೆ ಸತ್ತ ಮೇಲೆ ಗೊತ್ತಾಗಿ ರೋಗಿಗೆ ಏನು ಬಂತು? ಬದುಕಿರುವವರ ತಲೆಯೊಳಗೆ ಇಣುಕಲು ಇನ್ನೂ ಮುನ್ನೂರು ವರ್ಷ ಬೇಕಾಯಿತು. 1971ರ ಅಕ್ಟೋಬರ್ 1ರಂದು ಲಂಡನ್ನಿನ ಅಟ್ಕಿನ್ಸನ್ ಮಾರ್ಲೆ ಆಸ್ಪತ್ರೆಯಲ್ಲಿ ಎಂಜಿನಿಯರ್ ಗಾಡ್‌ಫ್ರಿ ಹೌನ್ಸ್‌ಫೀಲ್ಡ್ ತಯಾರಿಸಿದ ಯಂತ್ರ ಮೊದಲ ಬಾರಿಗೆ ರೋಗಿಯೊಬ್ಬರ ಮಿದುಳಿನ ಸಿಟಿ ಚಿತ್ರ ತೆಗೆಯಿತು.

ಈಗ ಅದೇ ಚಿತ್ರ ಕೆಲವೇ ನಿಮಿಷದ ಕೆಲಸ. ಸೋರಿದ ತಾಜಾ ರಕ್ತ ಸಿಟಿಯಲ್ಲಿ ಒಡನೆಯೇ ಬೆಳ್ಳಗೆ ಕಾಣುತ್ತದೆ. ನಾಳ ಕಟ್ಟಿಕೊಂಡದ್ದಾದರೆ ಮೊದಲ ಕೆಲವು ಗಂಟೆ ಚಿತ್ರ ಬಹುಪಾಲು ಸರಿಯಾಗಿಯೇ ಇದ್ದಂತೆ ಕಂಡು, ಆಮೇಲೆ ಕಪ್ಪಾಗುತ್ತದೆ. ಬಿಳಿ ಇಲ್ಲ ಎಂಬುದೇ ಆಗ ಸಿಗುವ ದೊಡ್ಡ ಸುದ್ದಿ. ಏಕೆಂದರೆ ಮುಂದಿನ ಚಿಕಿತ್ಸೆ ಒಂದಕ್ಕೊಂದು ತದ್ವಿರುದ್ಧ. ಕಟ್ಟಿಕೊಂಡಿದ್ದರೆ ಕರಗಿಸಬೇಕು; ಒಡೆದಿದ್ದರೆ ಅದೇ ಔಷಧ ವಿಷ. ಒಡೆದಿದ್ದರೆ ಬಿಪಿಯನ್ನು ಬೇಗ, ಎಚ್ಚರದಿಂದ 140ರ ಸುಮಾರಿಗೆ ಇಳಿಸಬೇಕು, ಮೊದಲ ಕೆಲವು ಗಂಟೆಗಳಲ್ಲಿ ಗಡ್ಡೆ ಇನ್ನೂ ಬೆಳೆಯುವುದರಿಂದ. ಕಟ್ಟಿಕೊಂಡಿದ್ದರೆ ಬಿಪಿಯನ್ನು ಆತುರದಲ್ಲಿ ಇಳಿಸಬಾರದು. ಆ ಬಾಡಿದ ಗದ್ದೆಗೆ ಅಷ್ಟಿಷ್ಟು ತೇವ ಬರುತ್ತಿರುವುದೇ ಆ ಒತ್ತಡದಿಂದ. ಹೃದಯಾಘಾತಕ್ಕೆ ಕೊಟ್ಟ ಹಾಗೆ ಲಕ್ವಕ್ಕೂ ಮನೆಯಲ್ಲೇ ಒಂದು ಆಸ್ಪಿರಿನ್ ಚೀಪಿಸುವ ರೂಢಿ ಈಚೆಗೆ ಹಬ್ಬುತ್ತಿದೆ. ಯಾವ ಪೆಟ್ಟಿಗೆಯ ಮಿದುಳು ಎಂದು ಗೊತ್ತಿಲ್ಲದೆ ಅದನ್ನು ಕೊಡುವುದು ಅಪಾಯ. ಬಾಯಿಗೆ ನೀರು, ಕಾಫಿ, ಎಣ್ಣೆ ಯಾವುದನ್ನೂ ಹಾಕಬಾರದು. ನುಂಗುವ ಶಕ್ತಿ ಕೆಟ್ಟಿದ್ದರೆ ಅದು ಹೋಗುವುದು ಶ್ವಾಸಕೋಶಕ್ಕೆ.

ಇಷ್ಟು ಕೇಳಿದ ಮೇಲೆ ಇನ್ನೊಬ್ಬ ಹುಡುಗಿ, ಹಳ್ಳಿಯಿಂದ ಬಂದವಳಿರಬೇಕು, ತಡೆಯಲಾರದೆ ಕೇಳಿದಳು: "ನಮ್ಮೂರ ಹತ್ರ ಲಕ್ವಕ್ಕೆ ಸೊಪ್ಪಿನ ಔಷಧಿ ಕೊಡ್ತಾರೆ. ನಮ್ಮ ಮಾವನಿಗೆ ವಾಸಿ ಆಯ್ತು. ಅದು ಸುಳ್ಳಾ?" ಸಿಬ್ಬಂದಿ ಅವಳ ಮಾತನ್ನು ತಳ್ಳಿಹಾಕಲಿಲ್ಲ. "ಮಾವನಿಗೆ ಕೈಕಾಲು ಬಿದ್ದಿತ್ತಾ, ಬರೀ ಮುಖ ಸೊಟ್ಟಗಾಗಿತ್ತಾ?" ಎಂದು ಕೇಳಿದರು. ಬರೀ ಮುಖ. ಒಂದು ಕಣ್ಣು ಮುಚ್ಚುತ್ತಿರಲಿಲ್ಲ, ಹಣೆಯ ಆ ಬದಿಯೂ ಸುಕ್ಕಾಗುತ್ತಿರಲಿಲ್ಲ. ಅದು ಮುಖದ ನರಕ್ಕೆ ಬರುವ ಬೆಲ್ಸ್ ಪಾಲ್ಸಿ, ಮಿದುಳಿನ ತೊಂದರೆ ಅಲ್ಲ. ಹೆಚ್ಚಿನವರಲ್ಲಿ ವಾರ, ತಿಂಗಳುಗಳಲ್ಲಿ ತಾನಾಗಿಯೇ ವಾಸಿಯಾಗುತ್ತದೆ. ಊರು ಅದನ್ನೂ ಲಕ್ವ ಎನ್ನುತ್ತದೆ. ಹಾಗೆಯೇ ಕೆಲವರಿಗೆ ಹತ್ತಿಪ್ಪತ್ತು ನಿಮಿಷ ಕೈ ಸೋತು ಮಾತು ತೊದಲಿ ಮತ್ತೆ ಪೂರ್ತಿ ಸರಿಹೋಗುತ್ತದೆ. ನಾಳದಲ್ಲಿ ಸಿಕ್ಕಿಕೊಂಡ ಹೆಪ್ಪು ತಾನೇ ಕರಗಿದ್ದು ಅದು. ದೊಡ್ಡ ಸ್ಟ್ರೋಕ್ ಬೆನ್ನಿಗೇ ಬರಬಹುದೆಂಬ ಮುನ್ಸೂಚನೆಯೂ ಹೌದು. ಈ ಎರಡರಲ್ಲೂ ಯಾವ ಸೊಪ್ಪು ಅರೆದು ಕೊಟ್ಟಿದ್ದರೂ ಹೆಸರು ಆ ಸೊಪ್ಪಿಗೇ ಬರುತ್ತದೆ. ಆ ಹೆಸರನ್ನು ನಂಬಿಯೇ ನಿಜವಾದ ಸ್ಟ್ರೋಕಿನವರು ಟೆಂಪೊ ಮಾಡಿಕೊಂಡು ಅಲ್ಲಿಗೆ ಹೋಗುತ್ತಾರೆ. ಹುಡುಗಿ ಅದನ್ನು ನೋಟ್‌ಬುಕ್ಕಿನಲ್ಲಿ ಬರೆದುಕೊಂಡಳು, ಕೆಳಗೆ ಗೆರೆ ಎಳೆದಳು.

ತಲೆಗೆ ಪೆಟ್ಟು ಬಿದ್ದ ಮಿದುಳುಗಳ ಸಾಲನ್ನು ಬೇಗ ದಾಟಿದೆ. ಬೈಕಿನಿಂದ ಬಿದ್ದ ಹುಡುಗರವು ಎಂದು ಗೊತ್ತಾದ ಮೇಲೆ ನಿಂತು ನೋಡಲಾಗಲಿಲ್ಲ. ಅಲ್ಲಿ ರಕ್ತ ಕೂಡುವುದು ಮಿದುಳಿನ ಹೊರಗೆ, ಬುರುಡೆಗೂ ಅದಕ್ಕೂ ನಡುವೆ. ಬಿದ್ದು ಎದ್ದು ಚೆನ್ನಾಗೇ ಮಾತಾಡಿಕೊಂಡಿದ್ದವರು ಒಂದೆರಡು ಗಂಟೆಯಲ್ಲಿ ಪ್ರಜ್ಞೆ ತಪ್ಪುವುದೂ, ಬಚ್ಚಲಲ್ಲಿ ಜಾರಿದ ಅಜ್ಜಿ ಮೂರು ನಾಲ್ಕು ವಾರ ಕಳೆದು ಮಂಕಾಗುವುದೂ ಇದರಿಂದಲೇ. ಅಜ್ಜಿಯ ಮರೆವನ್ನು ವಯಸ್ಸಿನದೆಂದು ಬಿಟ್ಟುಬಿಡುತ್ತಾರೆ. ಎಷ್ಟೋ ಸಲ ಬುರುಡೆಗೆ ಸಣ್ಣ ರಂಧ್ರ ಕೊರೆದು ಆ ರಕ್ತವನ್ನು ಹೊರಬಿಟ್ಟರೆ ಆಕೆ ಮತ್ತೆ ಮೊಮ್ಮಕ್ಕಳ ಹೆಸರು ಹಿಡಿದು ಕರೆಯುತ್ತಾಳೆ.

ಇನ್ನೊಂದು ಬಗೆಯ ಬಗ್ಗೆ ಹೇಳದೆ ಮುಂದೆ ಹೋಗಲಾರೆ, ಅದು ನಮ್ಮ ಬಾಣಂತಿ ಕೋಣೆಗಳಲ್ಲಿ ಹುಟ್ಟುವ ಸ್ಟ್ರೋಕ್. ಹೆರಿಗೆಯಾದ ವಾರಗಳಲ್ಲಿ ರಕ್ತ ಹೆಪ್ಪುಗಟ್ಟುವ ಗುಣ ಸಹಜವಾಗಿಯೇ ಹೆಚ್ಚಿರುತ್ತದೆ. ಅದರ ಮೇಲೆ ನಾವು ಬಾಣಂತಿಗೆ ನೀರು ಕೊಡಬಾರದು, ಹೊಟ್ಟೆ ಬರುತ್ತದೆ, ಮಗುವಿಗೆ ಶೀತ ಎನ್ನುತ್ತೇವೆ. ಕೆಂಡದ ಕಾವು, ಬಿಸಿನೀರಿನ ಸ್ನಾನ, ಬೆವರು. ಕುಡಿಯಲು ಅರ್ಧ ಲೋಟ. ನೀರಿಲ್ಲದೆ ರಕ್ತ ಮಂದವಾಗಿ, ಮಿದುಳಿನಿಂದ ರಕ್ತವನ್ನು ಹೊರಗೊಯ್ಯುವ ಅಭಿಧಮನಿಗಳಲ್ಲಿ ಹೆಪ್ಪು ಕೂರುತ್ತದೆ. ಹೊರದಾರಿ ಕಟ್ಟಿದಾಗ ಹಿಂದೆ ರಕ್ತ ಮಡುಗಟ್ಟಿ ಸೋರುತ್ತದೆ. ತಲೆನೋವು, ಫಿಟ್ಸ್, ಒಂದು ಬದಿ ಕೈಕಾಲು ಸೋಲು. ಊರಿನಲ್ಲಿ ಇದಕ್ಕೆ ಇಟ್ಟ ಹೆಸರು ಸನ್ನಿ, ಸೋಂಕು. ನಿಮ್ಹಾನ್ಸಿನ ನರವೈದ್ಯರು, ಡಾ. ಡಿ. ನಾಗರಾಜ ಮೊದಲಾದವರು, ದಶಕಗಳ ಹಿಂದೆಯೇ ಇಂಥ ಬಾಣಂತಿಯರ ಮೇಲೆ ಅಧ್ಯಯನ ಮಾಡಿ ಪ್ರಕಟಿಸಿದ್ದಾರೆ. ಇದರ ಚಿಕಿತ್ಸೆ ಕೇಳಿ ನರ್ಸಿಂಗ್ ಹುಡುಗಿಯರು ಬೆರಗಾದರು: ರಕ್ತ ಸೋರಿರುವುದು ಸ್ಕ್ಯಾನಿಂಗಿನಲ್ಲಿ ಕಂಡರೂ ಕೊಡುವುದು ಹೆಪ್ಪುಗಟ್ಟುವುದನ್ನು ತಡೆಯುವ ಹೆಪಾರಿನ್. ಹೊರದಾರಿ ತೆರೆಯದೆ ಸೋರಿಕೆ ನಿಲ್ಲದು. ಸಮಯಕ್ಕೆ ಬಂದರೆ ಇವರಲ್ಲಿ ಬಹಳ ಜನ ಪೂರ್ತಿ ಚೇತರಿಸಿಕೊಂಡು, ಮಗುವನ್ನು ಎತ್ತಿಕೊಂಡೇ ನಡೆದು ಹೋಗುತ್ತಾರೆ. ಒಂದು ಚೊಂಬು ನೀರಿನ ವಿಷಯ. ಅಜ್ಜಿಯರ ಮೇಲೆ ನನಗೆ ಸಿಟ್ಟಿಲ್ಲ, ಆದರೆ ಈ ಒಂದು ಮಾತನ್ನು ಅವರ ಕಾಲು ಹಿಡಿದಾದರೂ ಬಿಡಿಸಬೇಕು.

ಕೊನೆಯಲ್ಲಿ ಕೈಗವಸು ಕೊಟ್ಟರು. ಅಂಗೈ ಎರಡನ್ನೂ ಜೋಡಿಸಿ ನಿಂತೆ. ಫಾರ್ಮಲಿನ್ನಿನ ಕಟು ವಾಸನೆ ಮೂಗಿಗೆ ಹೊಡೆಯಿತು, ಆಮೇಲೆ ತಣ್ಣನೆಯ ಭಾರ ಕೈಗೆ ಬಂತು. ಒಂದೂಕಾಲು, ಒಂದೂವರೆ ಕೆಜಿಯ ನಡುವೆ. ಔಷಧದಲ್ಲಿಟ್ಟದ್ದರಿಂದ ಗಟ್ಟಿಯಾಗಿದೆ, ಬದುಕಿರುವಾಗ ಗಿಣ್ಣಿಗಿಂತ ಮೆತ್ತಗಿರುತ್ತದಂತೆ. ಎಡಬದಿಯನ್ನು ಮೇಲೆ ಮಾಡಿ ನೋಡಿದೆ. ಹಣೆಯ ಹಿಂದಿನ ಕೆಳಗಿನ ಮಡಿಕೆಯ ಮೇಲೆ ಸಿಬ್ಬಂದಿ ಬೆರಳಿಟ್ಟು ತೋರಿಸಿದರು, ಬ್ರೋಕಾ ಗುರುತಿಸಿದ ಜಾಗ ಅದು. ಎರಡು ಹುಣಸೆಬೀಜ ಇಡಬಹುದಾದಷ್ಟು ಅಗಲ. ದೊಡ್ಡಪ್ಪ ಸಂತೆಯಲ್ಲಿ ಕಡಲೆಕಾಯಿ ದರ ಕುದುರಿಸುತ್ತಿದ್ದ ದನಿ, ರಾತ್ರಿ ಊಟವಾದ ಮೇಲೆ ಹೇಳುತ್ತಿದ್ದ ಕಥೆಗಳು, ನನ್ನನ್ನು ಕರೆಯುತ್ತಿದ್ದ ಅಡ್ಡಹೆಸರು ಎಲ್ಲವೂ ಇಷ್ಟು ಜಾಗದಿಂದ ಹೊರಬರುತ್ತಿದ್ದವು. ನಾವು ತಿಕ್ಕಿದ್ದು ಕೈಯನ್ನು. ಕೈಗೆ ಏನೂ ಆಗಿರಲಿಲ್ಲ. ಸಿಬ್ಬಂದಿಯ ಕೈಗೆ ಅದನ್ನು ವಾಪಸು ಕೊಡುವಾಗ ಏಕೋ ತಲೆ ಬಾಗಿತು. ಯಾರದೋ ಮನೆಯವರು ಆ ದುಃಖದಲ್ಲೂ ಒಪ್ಪಿ ಕೊಟ್ಟದ್ದು.

ಹೊರಗೆ ಬಂದಾಗ ಬಿಸಿಲು ಏರಿತ್ತು. ಫಿಲ್ಮು ಹಿಡಿದಿದ್ದ ಹೆಂಗಸು ಅಲ್ಲೇ ಇದ್ದರು. ಬಿಳಿ ಬೊಟ್ಟು ಏನೆಂದು ನನಗೆ ತಿಳಿದ ಮಟ್ಟಿಗೆ ಹೇಳಿದೆ. ಸೋರಿದ ರಕ್ತವನ್ನು ಮೈ ತಾನೇ ನಿಧಾನಕ್ಕೆ ಹೀರಿಕೊಳ್ಳುತ್ತದೆ, ಆ ಬಿಳಿ ಮುಂದಿನ ಸ್ಕ್ಯಾನಿಂಗಿನಲ್ಲಿ ಮಾಸಿರಬಹುದು, ಕೈಕಾಲಿನ ವ್ಯಾಯಾಮವನ್ನು ಡಾಕ್ಟರು ಹೇಳಿದ ದಿನದಿಂದ ಒಂದು ದಿನವೂ ತಪ್ಪಿಸಬೇಡಿ ಎಂದೆ. "ಬಿಪಿ ಮಾತ್ರೆ ಬಿಟ್ಟಿದ್ರು" ಎಂದರು ಆಕೆ, ನಾನು ಕೇಳುವ ಮೊದಲೇ.

ತುರ್ತು ವಿಭಾಗದ ಬಾಗಿಲ ಬಳಿ ಆಂಬುಲೆನ್ಸೊಂದು ಬಂದು ನಿಂತಿತು. ಐವತ್ತರ ಆಸುಪಾಸಿನ ಗಂಡಸು, ಬಲಗೈ ಸ್ಟ್ರೆಚರಿನಿಂದ ಜೋತುಬಿದ್ದಿದೆ. ಹೆಂಡತಿ ಆ ಅಂಗೈಯನ್ನು ಎರಡೂ ಕೈಯಲ್ಲಿ ಹಿಡಿದು ಉಜ್ಜುತ್ತಲೇ ಕೆಳಗಿಳಿದರು. ಬಾಗಿಲಲ್ಲಿದ್ದ ಹುಡುಗ ಹೆಸರು ಕೇಳಲಿಲ್ಲ, ಊರು ಕೇಳಲಿಲ್ಲ.

"ಕೊನೇ ಸಲ ಚೆನ್ನಾಗಿದ್ದದ್ದನ್ನ ನೀವು ನೋಡಿದ್ದು ಎಷ್ಟೊತ್ತಿಗೆ?"

ನಮ್ಮನ್ನು ಹನ್ನೊಂದು ವರ್ಷದ ಹಿಂದೆ ಕೇಳಿದ್ದಿದ್ದರೆ ಗಂಟೆ ಯಾರಿಗೂ ನೆನಪಿರಲಿಲ್ಲ. ಆಕೆಯ ಕೈಯಲ್ಲೂ ಗಡಿಯಾರ ಇರಲಿಲ್ಲ. ಒಂದು ಕ್ಷಣ ಕಣ್ಣು ಮುಚ್ಚಿಕೊಂಡರು.

"ಎಂಟೂವರೆ ಬಸ್ಸು ನಮ್ ಅಂಗಡಿ ಮುಂದೇನೇ ನಿಲ್ತದೆ. ಅದು ಹೊರಡೋವಾಗ ಷಟರ್ ಎತ್ತುತಾ ಇದ್ರು, ಕಂಡಕ್ಟರ್ ಹತ್ರ ಮಾತಾಡಿದ್ರು. ಬಸ್ ಹೋದ್ಮೇಲೆ ಕಾಫಿ ತಗೊಂಡು ಹೋದೆ. ಬಿದ್ದಿದ್ರು."

ನಾನು ಗಡಿಯಾರ ನೋಡಿಕೊಂಡೆ. ಹನ್ನೆರಡಕ್ಕೆ ಹತ್ತು ನಿಮಿಷ. ಹುಡುಗ ಹಾಳೆಯ ಮೇಲೆ ದೊಡ್ಡದಾಗಿ 8.30 ಎಂದು ಬರೆದು, ಒಳಗೆ ತಿರುಗಿ ಏನೋ ಕೂಗಿ ಹೇಳಿದ. ಸ್ಟ್ರೆಚರು ಸ್ಕ್ಯಾನಿಂಗ್ ಕೋಣೆಯ ಕಡೆಗೆ ಓಡಿತು, ಆ ಹೆಂಗಸು ಕೈ ಬಿಡದೆ ಪಕ್ಕದಲ್ಲೇ ಓಡಿದರು.